6174: ಎಲ್ಲ ದಾರಿಗಳೂ ಸೇರುವ ಸಂಖ್ಯೆ

ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ನಾಲ್ಕು ಅಂಕಿಗಳ ಯಾವುದಾದರೂ ಒಂದು ಸಂಖ್ಯೆಯನ್ನು ಬರೆಯಿರಿ. ನಿಬಂಧನೆ ಒಂದೇ: 3333ರಂತೆ ನಾಲ್ಕು ಅಂಕಿಗಳೂ ಒಂದೇ ಆಗಿರಬಾರದು. ಆ ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆಯಿರಿ. ಅದರಿಂದ, ಅವೇ ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಬರೆದಾಗ ಬರುವ ಸಂಖ್ಯೆಯನ್ನು ಕಳೆಯಿರಿ. ಬಂದ ಉತ್ತರಕ್ಕೂ ಇದೇ ಕ್ರಿಯೆಯನ್ನು ಮಾಡುತ್ತಾ ಹೋಗಿ. ಉತ್ತರ 999 ಎಂದು ಬಂದರೆ ಅದನ್ನು 0999 ಎಂದೇ ಬರೆದುಕೊಳ್ಳಬೇಕು.

ಉದಾಹರಣೆಗೆ 1995ನ್ನು ನೋಡೋಣ.

9951 − 1599 = 8352
8532 − 2358 = 6174
7641 − 1467 = 6174

ಇಲ್ಲಿಂದ ಮುಂದೆ ಉತ್ತರ ಬದಲಾಗುವುದೇ ಇಲ್ಲ. 2005ರಿಂದ ಹೊರಟರೆ ದಾರಿ ಉದ್ದ: 5175, 5994, 5355, 1998, 8082, 8532, ಕೊನೆಗೆ 6174. ಏಳು ಹೆಜ್ಜೆಗಳಾದವು. ಯಾವ ಸಂಖ್ಯೆಗೂ ಏಳಕ್ಕಿಂತ ಹೆಚ್ಚು ಹೆಜ್ಜೆಗಳು ಬೇಕಾಗುವುದಿಲ್ಲ.

ಈ ಗುಣವನ್ನು 1949ರಲ್ಲಿ ಕಂಡುಹಿಡಿದವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ (1905–1986). ಅವರು ಮಹಾರಾಷ್ಟ್ರದ ನಾಸಿಕ್ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದರು. 1975ರಲ್ಲಿ ಅಮೆರಿಕದ ಲೇಖಕ ಮಾರ್ಟಿನ್ ಗಾರ್ಡ್ನರ್ ಅವರು 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯ ತಮ್ಮ ಅಂಕಣದಲ್ಲಿ ಬರೆದ ಮೇಲೆ ಅವರ ಹೆಸರು ಹೊರದೇಶಗಳಲ್ಲೂ ಪರಿಚಿತವಾಯಿತು. ಇಂದು 6174ನ್ನು 'ಕಾಪ್ರೇಕರ್ ಸ್ಥಿರಾಂಕ' ಎನ್ನುತ್ತಾರೆ.

ಹತ್ತಿಪ್ಪತ್ತು ಸಂಖ್ಯೆಗಳಲ್ಲಿ ನಿಜವಾದುದು ಎಲ್ಲ ಸಂಖ್ಯೆಗಳಲ್ಲೂ ನಿಜವೆಂದು ಹೇಗೆ ನಂಬುವುದು? ಗಣಿತದಲ್ಲಿ ಉದಾಹರಣೆ ಸಾಲದು, ಸಾಧನೆ ಬೇಕು. 1000ದಿಂದ 9999ರವರೆಗೆ ನಮ್ಮ ನಿಬಂಧನೆಗೆ ಒಳಪಡುವ ಸಂಖ್ಯೆಗಳು 8991. ಇವೆಲ್ಲವನ್ನೂ ಕೈಯಲ್ಲಿ ಪರೀಕ್ಷಿಸುವುದು ಕಷ್ಟ. ಆದರೆ ಸ್ವಲ್ಪ ಬೀಜಗಣಿತ ಈ ಶ್ರಮವನ್ನು ಉಳಿಸುತ್ತದೆ.

ಇಳಿಕೆ ಕ್ರಮದಲ್ಲಿ ಅಂಕಿಗಳು ಅ, ಬ, ಕ, ಡ ಆಗಿರಲಿ. ದೊಡ್ಡ ಸಂಖ್ಯೆಯಿಂದ ಚಿಕ್ಕದನ್ನು ಕಳೆದಾಗ ದೊರೆಯುವುದು

999 × (ಅ − ಡ) + 90 × (ಬ − ಕ)

ಅಂದರೆ ಉತ್ತರವು ಕೇವಲ ಎರಡು ವ್ಯತ್ಯಾಸಗಳನ್ನು ಅವಲಂಬಿಸಿದೆ. ಮೊದಲನೆಯದು 1ರಿಂದ 9ರವರೆಗೆ ಇರಬಹುದು. ಎರಡನೆಯದು 0ಯಿಂದ ಆರಂಭವಾಗಿ ಮೊದಲನೆಯದನ್ನು ಮೀರಲಾರದು. ಆದ್ದರಿಂದ ಸಾಧ್ಯವಿರುವ ಜೋಡಿಗಳು 2 + 3 + 4 + … + 10 = 54 ಮಾತ್ರ. ಯಾವ ಸಂಖ್ಯೆಯಿಂದ ಹೊರಟರೂ ಮೊದಲ ಹೆಜ್ಜೆಯಲ್ಲೇ ಈ 54 ಸಂಖ್ಯೆಗಳಲ್ಲಿ ಒಂದನ್ನು ತಲುಪುತ್ತೀರಿ. ಅವಿಷ್ಟನ್ನು ಪರೀಕ್ಷಿಸಿದರೆ ಸಾಧನೆ ಪೂರ್ಣವಾದಂತೆಯೇ! ಒಂದು ಸಂಜೆಯ ಕೆಲಸವಷ್ಟೆ.

ಈ ಸಂಖ್ಯೆಗೆ ಬೇರೆ ಸೊಗಸುಗಳೂ ಇವೆ. ಅದರ ಅಂಕಿಗಳ ಮೊತ್ತ 6 + 1 + 7 + 4 = 18. 6174ನ್ನು 18ರಿಂದ ಭಾಗಿಸಿದರೆ ಶೇಷವಿಲ್ಲದೆ 343, ಅಂದರೆ 7ರ ಘನ ಬರುತ್ತದೆ. ತನ್ನ ಅಂಕಿಗಳ ಮೊತ್ತದಿಂದಲೇ ನಿಶ್ಶೇಷವಾಗಿ ಭಾಗವಾಗುವ ಇಂಥ ಸಂಖ್ಯೆಗಳಿಗೆ 'ಹರ್ಷದ ಸಂಖ್ಯೆ' ಎಂದು ಹೆಸರಿಟ್ಟವರೂ ಕಾಪ್ರೇಕರ್ ಅವರೇ. ಅಷ್ಟೇ ಅಲ್ಲ, 18, ಅದರ ವರ್ಗ 324 ಮತ್ತು ಘನ 5832 ಈ ಮೂರನ್ನೂ ಕೂಡಿ ನೋಡಿ: ಮತ್ತೆ 6174!

ಮೂರು ಅಂಕಿಗಳ ಸಂಖ್ಯೆಗಳಿಗೂ ಇಂಥ ಒಂದು ನಿಲ್ದಾಣವಿದೆ: 495. ಎರಡು ಅಂಕಿಗಳಿಗೆ ಮಾತ್ರ ಇಲ್ಲ. ಅಲ್ಲಿ 09, 81, 63, 27, 45 ಎಂದು ಸುತ್ತುತ್ತಲೇ ಇರಬೇಕಾಗುತ್ತದೆ. 495ಕ್ಕೆ ಸಾಧನೆಯನ್ನು ನೀವೇ ಬರೆಯಬಲ್ಲಿರಾ? ಒಂದು ಸುಳಿವು: ಅಲ್ಲಿ ಒಂದೇ ವ್ಯತ್ಯಾಸವನ್ನು ಗಮನಿಸಿದರೆ ಸಾಕು.