‘ಮಾಜಿ ಸೈನಿಕರೇ?’ ಆ ಪ್ರಶ್ನೆಗೆ ಉತ್ತರಿಸದೆ ಬಿಡಬೇಡಿ



ನಿಮ್ಮ ಪತಿ ಹತ್ತೊಂಬತ್ತನೇ ವಯಸ್ಸಿನಲ್ಲಿ ಸೈನ್ಯ ಸೇರಿ, ಹದಿನೇಳು ವರ್ಷ ದುಡಿದು ಊರಿಗೆ ಮರಳಿದ್ದಾರೆ ಎಂದಿಟ್ಟುಕೊಳ್ಳಿ. ಪಿಂಚಣಿ ಬರುತ್ತದೆ, ನಿಜ. ಆದರೆ ವಯಸ್ಸು ಇನ್ನೂ ಮೂವತ್ತಾರು. ಮಕ್ಕಳ ಓದು, ನಾದಿನಿಯ ಮದುವೆ, ಮನೆಯ ಸಾಲ ಎಲ್ಲವೂ ಮುಂದಿವೆ. ಇನ್ನೊಂದು ಕೆಲಸ ಬೇಕೇ ಬೇಕು.

ಚಿಕ್ಕಬಳ್ಳಾಪುರವಿರಲಿ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟವಿರಲಿ, ಅರ್ಜಿ ತುಂಬಿಸಲು ನಾವು ಹೋಗುವುದು ಸೈಬರ್ ಸೆಂಟರಿಗೆ. ಅಲ್ಲಿನ ಹುಡುಗ ಅವಸರದಲ್ಲಿ ‘ಮಾಜಿ ಸೈನಿಕರೇ?’ ಎಂಬಲ್ಲಿ ‘ಇಲ್ಲ’ ಎಂದು ಒತ್ತಿಬಿಟ್ಟರೆ ಹದಿನೇಳು ವರ್ಷದ ಸೇವೆ ಲೆಕ್ಕಕ್ಕೇ ಬರುವುದಿಲ್ಲ. ಅರ್ಜಿಯಲ್ಲಿ ಕೇಳದ ಮೀಸಲಾತಿಯನ್ನು ಆಮೇಲೆ ಕೇಳಿದರೆ ಸಿಗುವುದು ಕಷ್ಟ.

ಕರ್ನಾಟಕ ಸರ್ಕಾರದ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ. 10 ಮೀಸಲಾತಿ ಇದೆ. ಸೇವೆಯ ವರ್ಷಗಳಿಗೆ ಮೂರು ಸೇರಿಸಿದಷ್ಟು ವಯೋಮಿತಿ ಸಡಿಲಿಕೆಯೂ ಇದೆ. ಕೇಂದ್ರದ ‘ಸಿ’ ಗುಂಪಿನ ಹುದ್ದೆಗಳಲ್ಲೂ ಶೇ. 10 ಮೀಸಲು. ಅಲ್ಲಿ ಈಗಿನ ವಯಸ್ಸಿನಿಂದ ಸೇವೆಯ ವರ್ಷ ಕಳೆಯುತ್ತಾರೆ. ಮೂವತ್ತಾರರಲ್ಲಿ ಹದಿನೇಳು ಕಳೆದರೆ ಹತ್ತೊಂಬತ್ತು. ಗರಿಷ್ಠ ವಯಸ್ಸು 27 ಎಂದಿದ್ದರೂ ಅವರು ಅರ್ಹರೇ!

ಆದರೆ ಇಲ್ಲದ್ದನ್ನು ಇದೆ ಎನ್ನಬಾರದು. ಭೂಸೇನೆ, ನೌಕಾಪಡೆ, ವಾಯುಪಡೆಯಿಂದ ನಿಯಮದಂತೆ ಬಿಡುಗಡೆಯಾದವರು ಮಾತ್ರ ಮಾಜಿ ಸೈನಿಕರು. ಬಿಎಸ್‌ಎಫ್, ಸಿಆರ್‌ಪಿಎಫ್ ಇದರಲ್ಲಿ ಸೇರುವುದಿಲ್ಲ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷ ದುಡಿದು ಬರುವವರಿಗೆ ಪಿಂಚಣಿ ಇಲ್ಲ. ಅವರು ಸೇವೆಯನ್ನು ಖಂಡಿತ ಬರೆಯಲಿ, ಮೀಸಲಾತಿ ಕೇಳುವ ಮುನ್ನ ಅಧಿಸೂಚನೆ ಓದಲಿ.

ಮನೆಯಲ್ಲಿ ದಾಖಲೆ ಜೋಪಾನ ಮಾಡುವವರು ನೀವೇ ತಾನೇ? ಹಾಗಾದರೆ ಟ್ರಂಕ್ ತೆರೆದು ನೋಡಿ. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ, ಸೈನಿಕ ಕಲ್ಯಾಣ ಇಲಾಖೆ ಕೊಟ್ಟ ಗುರುತಿನ ಚೀಟಿ ಒಂದೇ ಕಡೆ ಇರಲಿ. ಹೆಸರಿನ ಕಾಗುಣಿತ ಹೋಲಿಸಿ. ಒಂದರಲ್ಲಿ ‘ಶೇಕ್’, ಇನ್ನೊಂದರಲ್ಲಿ ‘ಶೇಖ್’. ಒಂದರಲ್ಲಿ ‘ಮಹಮದ್’, ಇನ್ನೊಂದರಲ್ಲಿ ‘ಮೊಹಮ್ಮದ್’ ಎಂದಿದ್ದರೆ ಅರ್ಜಿಗೆ ಮೊದಲೇ ಸರಿಪಡಿಸಿ. 2007ಕ್ಕಿಂತ ಮೊದಲು ಸೇರಿದವರ ದಾಖಲೆಯಲ್ಲಿ ಜಿಲ್ಲೆ ಕೋಲಾರ ಎಂದಿರಬಹುದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದೇ ಆ ವರ್ಷ. ಗಾಬರಿ ಬೇಡ, ಈಗಿನ ವಿಳಾಸದ ದಾಖಲೆ ಜೊತೆಗಿಡಿ.

ಇನ್ನೊಂದು ಮಾತು. ಹಲವು ಹುದ್ದೆಗಳಿಗೆ ಅರ್ಜಿ ಹಾಕಿರುವಾಗಲೇ ಒಂದು ಕೆಲಸ ಸಿಕ್ಕಿತೆನ್ನಿ. ಸೇರಿದ ಕೂಡಲೇ ಉಳಿದ ಅರ್ಜಿಗಳ ವಿವರವನ್ನು ದಿನಾಂಕ ಸಹಿತ ಬರೆದುಕೊಡಬೇಕು. ಆಗ ಆ ಹುದ್ದೆಗಳಿಗೂ ಮೀಸಲಾತಿ ಉಳಿಯುತ್ತದೆ. ಕೇಂದ್ರದ ಹುದ್ದೆಗಳಿಗೆ 2014ರ ಆಗಸ್ಟ್ 14ರ ಆದೇಶ ಹೀಗೆ ಹೇಳುತ್ತದೆ.

ಖಾಸಗಿ ಕಂಪೆನಿಗಾದರೆ ‘ಸೈನ್ಯದಲ್ಲಿದ್ದೆ’ ಎಂದಷ್ಟೇ ಬರೆದರೆ ಸಾಲದು. ಭಾರೀ ವಾಹನ ಚಾಲನೆಯೋ, ವಿದ್ಯುತ್ ಕೆಲಸವೋ, ಸ್ಟೋರ್ ನಿರ್ವಹಣೆಯೋ, ಏನು ಮಾಡಿದರೆಂದು ಸ್ಪಷ್ಟವಾಗಿ ಬರೆಯಲಿ. ‘ಮತ್ತೆ ಕಾವಲುಗಾರನ ಕೆಲಸಕ್ಕೇ ಹಾಕುತ್ತಾರೆ’ ಎಂದು ಸೇವೆಯನ್ನೇ ಮುಚ್ಚಿಟ್ಟರೆ ಹದಿನೇಳು ವರ್ಷ ಖಾಲಿ ಕಾಣುತ್ತದೆ. ಸಂದರ್ಶನದಲ್ಲಿ ಅದಕ್ಕೇನು ಉತ್ತರ?

ಮರೆಮಾಚಿದ್ದು ಮುಂದೆ ತೊಡಕಾಗುತ್ತದೆ. ಕ್ರಿಮಿನಲ್ ಪ್ರಕರಣ ಬಚ್ಚಿಟ್ಟವರ ಕುರಿತಾದ ಅವತಾರ್ ಸಿಂಗ್ ಪ್ರಕರಣದಲ್ಲಿ, ಉದ್ಯೋಗದಾತರಿಗೆ ಕೊಡುವ ಮಾಹಿತಿ ಸತ್ಯವಾಗಿರಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ.

ಮುಂದಿನ ಸಲ ಅರ್ಜಿ ತುಂಬಿಸುವಾಗ ನೀವೂ ಪಕ್ಕದಲ್ಲಿ ಕುಳಿತಿರಿ. ಕಳುಹಿಸುವ ಮುನ್ನ ಒಮ್ಮೆ ಓದಿಸಿ ಕೇಳಿ. ಅವರು ಗಡಿಯಲ್ಲಿದ್ದಾಗ ಇಲ್ಲಿ ಮನೆ ನಡೆಸಿದವರು ನೀವು. ಆ ವರ್ಷಗಳಲ್ಲಿ ನಿಮ್ಮ ಪಾಲೂ ಇದೆ.