ಐದನ್ನು ಒಂಬತ್ತರಿಂದ ಭಾಗಿಸಿದರೆ ಸೊನ್ನೆಯೆ?

ಸಿ ಭಾಷೆಯಲ್ಲಿ ಕ್ರಮವಿಧಿಗಳನ್ನು, ಎಂದರೆ ಪ್ರೋಗ್ರಾಮುಗಳನ್ನು, ಬರೆಯತೊಡಗಿದ ವಿದ್ಯಾರ್ಥಿಗಳ ಸಂದೇಹಗಳು ಹಲವು. ಬಿಟ್ಟುಹೋದ ಅರ್ಧವಿರಾಮ, ಮುಚ್ಚದ ಆವರಣ ಮೊದಲಾದುವನ್ನು ಕಂಪೈಲರೇ ಬೆರಳಿಟ್ಟು ತೋರಿಸುವುದರಿಂದ ಅವುಗಳ ಚರ್ಚೆ ಇಲ್ಲಿ ಬೇಡ. ಯಂತ್ರವು ಯಾವ ಆಕ್ಷೇಪಣೆಯನ್ನೂ ಮಾಡದೆ ತಪ್ಪು ಉತ್ತರವನ್ನು ಕೊಡುವ ಸಂದರ್ಭಗಳೇ ಹೆಚ್ಚು ವಿಚಾರಾರ್ಹವಾದುವು.

ಫ್ಯಾರನ್‌ಹೈಟ್ ಉಷ್ಣತೆಯನ್ನು ಸೆಲ್ಸಿಯಸ್ಸಿಗೆ ಪರಿವರ್ತಿಸುವುದನ್ನು ತೆಗೆದುಕೊಳ್ಳೋಣ. ಸಿ ಭಾಷೆಯ ನಿರ್ಮಾತೃಗಳಾದ ಡೆನ್ನಿಸ್ ರಿಚಿಯವರು ಬ್ರಯನ್ ಕರ್ನಿಹಾನ್ ಅವರೊಡನೆ 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ ಆರಂಭದ ಉದಾಹರಣೆಗಳಲ್ಲಿ ಇದೊಂದು. 32ನ್ನು ಕಳೆದು 5/9ರಿಂದ ಗುಣಿಸಬೇಕೆಂಬುದು ಎಲ್ಲರೂ ಬಲ್ಲ ಸೂತ್ರ. ವಿದ್ಯಾರ್ಥಿಯು ಅದನ್ನು 5/9*(ಫ-32) ಎಂದು ಯಥಾವತ್ತಾಗಿ ಬರೆಯುವನು. ಫ ಎಂಬುದಕ್ಕೆ 212ನ್ನು ಕೊಟ್ಟರೆ 100 ಬರಬೇಕಷ್ಟೆ? ಬರುವುದು 0. 98ನ್ನು ಕೊಟ್ಟರೂ 0. ಕುದಿಯುವ ನೀರಿಗೂ ಮನುಷ್ಯನ ಮೈಗೂ ಕರಗುವ ಮಂಜುಗಡ್ಡೆಗೂ ಒಂದೇ ಉಷ್ಣತೆಯಾಯಿತು!

ಸಿ ಭಾಷೆಯಲ್ಲಿ ಪ್ರತಿಯೊಂದು ಸಂಖ್ಯೆಯೂ ಯಾವುದಾದರೊಂದು ಬಗೆಗೆ ಸೇರಿರುವುದೇ ಇದರ ಮೂಲ. ದಶಮಾಂಶ ಬಿಂದುವಿಲ್ಲದೆ ಬರೆದ 5, 9 ಇವು 'ಇಂಟ್' ಎಂಬ ಪೂರ್ಣಾಂಕಗಳು, 5.0 ಎಂದು ಬರೆದರೆ ಅದು 'ಡಬಲ್' ಎಂಬ ಬೇರೊಂದು ಬಗೆಯದು. ಎರಡು ಪೂರ್ಣಾಂಕಗಳನ್ನು ಭಾಗಿಸಿದರೆ ಭಾಗಲಬ್ಧವೂ ಪೂರ್ಣಾಂಕವೇ ಆಗತಕ್ಕದ್ದೆಂಬುದು ನಿಯಮ. ಐದು ತೆಂಗಿನಕಾಯಿಗಳನ್ನು ಒಡೆಯದೆ ಒಂಬತ್ತು ಮಂದಿಗೆ ಸಮನಾಗಿ ಹಂಚಬೇಕೆಂದರೆ ಒಬ್ಬೊಬ್ಬರಿಗೆ ಬರುವುದು ಸೊನ್ನೆ, ಉಳಿಯುವುದು ಐದು. ಲೆಕ್ಕವು ಎಡದಿಂದ ಬಲಕ್ಕೆ ನಡೆಯುವುದರಿಂದ ಮೊದಲೇ ಬಂದ ಆ ಸೊನ್ನೆಯು ಮುಂದಿನದನ್ನೆಲ್ಲ ನುಂಗಿಬಿಡುವುದು.

"ಉತ್ತರವನ್ನು ಇಡುವ ಚರಾಕ್ಷರವನ್ನು ಡಬಲ್ ಎಂದೇ ಘೋಷಿಸಿದ್ದೆನಲ್ಲ?" ಎಂದು ಜಾಣ ವಿದ್ಯಾರ್ಥಿಯು ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ಆದರೆ ಪಾತ್ರೆ ದೊಡ್ಡದೆಂದ ಮಾತ್ರಕ್ಕೆ ಅದರಲ್ಲಿ ಸುರಿಯುವ ಹಾಲು ಹೆಚ್ಚುವುದಿಲ್ಲ. ಭಾಗಾಕಾರವು ನಡೆಯುವಾಗ ಯಂತ್ರವು ನೋಡುವುದು ಅದರ ಎರಡು ಪಕ್ಕದ ಸಂಖ್ಯೆಗಳನ್ನು ಮಾತ್ರ. ಫಲವು ಎಲ್ಲಿಗೆ ಹೋಗುವುದೆಂಬುದು ಅದರ ವಿಚಾರವಲ್ಲ. 5.0/9 ಎಂದು ಬರೆದರೆ ಸಾಕು; ಒಂದು ಡಬಲ್ ಆಗಿದ್ದರೆ ಮತ್ತೊಂದನ್ನೂ ಡಬಲ್‌ಗೆ ಪರಿವರ್ತಿಸಿಯೇ ಭಾಗಿಸುವುದು.

ಈ ನಿಯಮವು ನಿರರ್ಥಕವೆಂದು ತಿಳಿಯಬಾರದು. 10000 ಸೆಕೆಂಡುಗಳು ಎಷ್ಟು ಗಂಟೆ? 10000/3600 ಎಂದರೆ 2. ಶೇಷವನ್ನು ಕೊಡುವ % ಚಿಹ್ನೆಯನ್ನು ಬಳಸಿದರೆ 2800. ಅದನ್ನು 60ರಿಂದ ಹೀಗೆಯೇ ಭಾಗಿಸಿದರೆ 46 ನಿಮಿಷ, 40 ಸೆಕೆಂಡು.

ಪೂರ್ಣಾಂಕಗಳಿಗೂ ಮಿತಿಯುಂಟು. ಇಂದಿನ ಸಾಮಾನ್ಯ ಯಂತ್ರಗಳಲ್ಲಿ ಇಂಟ್‌ನ ಗರಿಷ್ಠ ಬೆಲೆ 2147483647. 1ರಿಂದ 12ರವರೆಗಿನ ಸಂಖ್ಯೆಗಳ ಗುಣಲಬ್ಧವಾದ 479001600 ಅದರೊಳಗೆ ಹಿಡಿಸುವುದು. 13ರಿಂದಲೂ ಗುಣಿಸಿದರೆ ಹಿಡಿಸದು. ಆಗ ಏನಾಗಬೇಕೆಂಬುದನ್ನು ಭಾಷೆಯ ನಿಯಮಗಳು ಗೊತ್ತುಪಡಿಸಿಯೇ ಇಲ್ಲ.

ಡಬಲ್ ಬಗೆಯೂ ನಿರ್ದುಷ್ಟವಲ್ಲ. 0.1ನ್ನು ಹತ್ತು ಸಲ ಕೂಡಿ, ಮೊತ್ತವು 1ಕ್ಕೆ ಸಮವೇ ಎಂದು ಕೇಳಿದರೆ ಸಾಮಾನ್ಯವಾಗಿ 'ಅಲ್ಲ' ಎಂಬ ಉತ್ತರ ಬರುವುದು. ದಶಮಾಂಶದಲ್ಲಿ ಮೂರನೆಯ ಒಂದು ಭಾಗವು 0.333... ಎಂದು ಮುಗಿಯದೆ ಹೋಗುವಂತೆ, ಎರಡೇ ಅಂಕಿಗಳ ದ್ವಿಮಾನ ಪದ್ಧತಿಯಲ್ಲಿ ಹತ್ತನೆಯ ಒಂದು ಭಾಗವೂ 0.000110011... ಎಂದು ಮುಗಿಯದು. ಎಲ್ಲಿಯೋ ಒಂದೆಡೆ ಕತ್ತರಿಸಲೇಬೇಕು.

ಈ ಕತ್ತರಿಕೆ ಸಿ ಭಾಷೆಯೊಂದಕ್ಕೇ ಸೇರಿದುದಲ್ಲ. ಕ್ಷಿಪಣಿಗಳನ್ನು ತಡೆಯುವ ಅಮೆರಿಕದ ಪೇಟ್ರಿಯಟ್ ವ್ಯವಸ್ಥೆಯು ಕಾಲವನ್ನು ಹತ್ತನೆಯ ಒಂದು ಸೆಕೆಂಡಿನ ಪೂರ್ಣಾಂಕಗಳಲ್ಲಿ ಎಣಿಸಿ, 24 ದ್ವಿಮಾನಾಂಕಗಳಲ್ಲಿ ಕತ್ತರಿಸಿದ 0.1ರಿಂದ ಗುಣಿಸುತ್ತಿತ್ತು. ಒಂದೊಂದು ಎಣಿಕೆಯ ದೋಷ ಸುಮಾರು 0.000000095 ಸೆಕೆಂಡು. ನೂರು ಗಂಟೆಗಳಲ್ಲಿ 36 ಲಕ್ಷ ಎಣಿಕೆಗಳಾಗಿ ದೋಷವು 0.34 ಸೆಕೆಂಡಿಗೆ ಬೆಳೆಯಿತು. ಅಷ್ಟರಲ್ಲಿ ಸ್ಕಡ್ ಕ್ಷಿಪಣಿಯು ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗುವುದು. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯದ ಧಹ್ರಾನ್‌ನಲ್ಲಿ ಅದನ್ನು ತಡೆಯಲಾಗದೆ 28 ಮಂದಿ ಸೈನಿಕರು ಮಡಿದರು. ತಿದ್ದಿದ ಕ್ರಮವಿಧಿಯು ಅಲ್ಲಿಗೆ ತಲುಪಿದುದು ಮರುದಿನ.

ಆದುದರಿಂದ ಎರಡು ಡಬಲ್ ಸಂಖ್ಯೆಗಳು ಸಮವೇ ಎಂದು ಕೇಳುವುದಕ್ಕಿಂತ, ಅವುಗಳ ವ್ಯತ್ಯಾಸವು ನಮ್ಮ ಕೆಲಸಕ್ಕೆ ಸಾಕಾಗುವಷ್ಟು ಅಲ್ಪವಾಗಿದೆಯೆ ಎಂದು ಕೇಳುವುದು ಯುಕ್ತ. 0.1ರಂತೆ ಏರುವ ಕೋಷ್ಟಕವು ಬೇಕಾದರೆ 0, 1, 2 ಎಂದು ಪೂರ್ಣಾಂಕಗಳಲ್ಲಿಯೇ ಎಣಿಸಿ, ಪ್ರತಿ ಸಲವೂ 10.0ರಿಂದ ಭಾಗಿಸಬೇಕು, ಆಗ ದೋಷವು ಒಂದರ ಮೇಲೊಂದು ಕೂಡಿಕೊಳ್ಳುವುದಿಲ್ಲ.