ಗೇಣಿ ಚೀಟಿನಲ್ಲಿ ಯಾರ ಹೆಸರು?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಮಾಸಿದ ಗೇಣಿ ಚೀಟುಗಳು ಸಿಗುವುದುಂಟು. ಅವುಗಳಲ್ಲಿ ಯಾರ ಹೆಸರಿದೆ ಎಂಬುದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಮನೆಮಗಳ ಪಾಲು ಅದನ್ನು ಅವಲಂಬಿಸಿರಬಹುದು.

ಧಣಿಯ ಭೂಮಿಯನ್ನು ಸಾಗುವಳಿ ಮಾಡುವ ಒಕ್ಕಲು ವರ್ಷವರ್ಷವೂ ಕೊಡುತ್ತಿದ್ದ ಪಾಲೇ ಗೇಣಿ. ಹೆಚ್ಚಾಗಿ ಅದು ಅಕ್ಕಿ ಮುಡಿಗಳ ಲೆಕ್ಕ. ಮುಡಿಗೆ 42 ಸೇರು. ದೇವಸ್ಥಾನ, ಬಸದಿಗಳ ಭೂಮಿಗೂ ಒಕ್ಕಲು ಗೇಣಿ ಅಳೆಯಬೇಕಿತ್ತು. ಮೂಲಗೇಣಿಯಲ್ಲಿ ಗೇಣಿ ನಿಗದಿಯಾಗಿದ್ದು, ಹಕ್ಕು ತಲೆತಲಾಂತರಕ್ಕೆ ಸಾಗುತ್ತಿತ್ತು. ಚಾಲಗೇಣಿಯಲ್ಲಾದರೋ ಧಣಿ ಗೇಣಿ ಏರಿಸಬಹುದಿತ್ತು, ಒಕ್ಕಲನ್ನು ಬಿಡಿಸಲೂಬಹುದಿತ್ತು. 1801ರಲ್ಲಿ ಈ ದಾರಿಯಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಗೇಣಿ ಪದ್ಧತಿಯನ್ನು ದಾಖಲಿಸಿದ್ದಾನೆ.

ತುಳುನಾಡಿನ ವಿಶೇಷವೆಂದರೆ ಅಳಿಯಸಂತಾನ. ಈ ಕಟ್ಟಿಗೆ ಒಳಪಟ್ಟ ಕುಟುಂಬಗಳಲ್ಲಿ ಆಸ್ತಿಯ ಹಕ್ಕು ತಾಯಿಯ ಬಳ್ಳಿಯಲ್ಲಿ ಹರಿಯುತ್ತಿತ್ತು. ಹಿರಿಯ ಹೆಂಗಸು ಯಜಮಾನ್ತಿಯಾಗುವುದಕ್ಕೂ ಅವಕಾಶವಿತ್ತು. ಆದರೆ ಸಾಮಾನ್ಯವಾಗಿ ಕಚೇರಿ, ಕಾಗದಪತ್ರಗಳ ವ್ಯವಹಾರ ಸೋದರಮಾವನದು. ಹಕ್ಕು ತಾಯಿಯ ಕಡೆಯಿಂದ, ಸಹಿ ಮಾವನದು!

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಯ ಕೃಷಿಭೂಮಿ ಸರಕಾರಕ್ಕೆ ಸೇರಿತು. ಒಕ್ಕಲು 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟು, ಭೂನ್ಯಾಯ ಮಂಡಳಿಯಿಂದ ಹಕ್ಕು ಪಡೆಯಬೇಕಿತ್ತು. ಊರವರ ಮಾತಿನಲ್ಲಿ ಇದೇ 'ಡಿಕ್ಲರೇಶನ್'. ಸೈನಿಕರು, ನಾವಿಕರಿಗಷ್ಟೇ ವಿನಾಯಿತಿ ಉಳಿದದ್ದರಿಂದ, ಗೇಣಿಯನ್ನೇ ನಂಬಿದ್ದ ವಿಧವೆಯ ಭೂಮಿಯೂ ಒಕ್ಕಲಿಗೆ ಹೋಯಿತು. ಇನ್ನೊಂದೆಡೆ, ಸ್ವತಃ ಬೇಸಾಯ ಮಾಡುತ್ತಿದ್ದ ಒಕ್ಕಲು ಹೆಂಗಸು ತನ್ನ ಹೆಸರಿನಲ್ಲೇ ಅರ್ಜಿ ಕೊಡಬಹುದಿತ್ತು. ಕಾನೂನು ಗಂಡು-ಹೆಣ್ಣೆಂಬ ಭೇದ ಮಾಡಲಿಲ್ಲ. ಆದರೆ 'ಉಳುವವನೇ ಹೊಲದೊಡೆಯ' ಎಂಬ ಘೋಷಣೆಯಲ್ಲಿ ನೇಜಿ ನೆಟ್ಟವಳು, ಕಳೆ ಕಿತ್ತವಳು ಕಾಣಲಿಲ್ಲ.

ಹಾಗಾದರೆ ಅಣ್ಣನ ಹೆಸರಿನ ಡಿಕ್ಲರೇಶನ್ ಭೂಮಿಯಲ್ಲಿ ತಂಗಿಗೆ ಪಾಲಿಲ್ಲವೇ? ಹಾಗೆಂದು ಹೇಳಿಬಿಡುವಂತಿಲ್ಲ. ಗೇಣಿದಾರ ತೀರಿಕೊಂಡರೆ ಗೇಣಿಹಕ್ಕು ವಾರಸುದಾರರಿಗೆ ಬರುತ್ತದೆಂದು ಕಾಯಿದೆಯ 24ನೇ ಕಲಮು ಹೇಳುತ್ತದೆ. ಗೇಣಿ ಇಡೀ ಕುಟುಂಬದ್ದಾಗಿದ್ದರೆ, ಒಬ್ಬರ ಹೆಸರಿಗೆ ಆದ ಮಂಜೂರಾತಿ ಎಲ್ಲರಿಗೂ ಸಲ್ಲುತ್ತದೆಂದು ನ್ಯಾಯಾಲಯಗಳು ತೀರ್ಪು ಕೊಟ್ಟಿವೆ. ಆದರೆ ಗೇಣಿ ಕುಟುಂಬದ್ದೆಂದು ತೋರಿಸಲು ದಾಖಲೆ ಬೇಕು. ಗೇಣಿ ಚೀಟು, ಗೇಣಿ ಸಂದಾಯದ ರಶೀದಿ, ಮಂಡಳಿಯ ಆದೇಶದ ಪ್ರತಿಗಳಿಗೆ ಬೆಲೆ ಇರುವುದು ಇಲ್ಲಿಯೇ.

ಮುಂದಿನ ರಜೆಯಲ್ಲಿ ವಿದ್ಯಾರ್ಥಿಗಳು ಅಜ್ಜಿಯನ್ನು ಕೂರಿಸಿಕೊಂಡು ಪೆಟ್ಟಿಗೆ ತೆರೆಯಲಿ. ಗದ್ದೆಗೆ ಯಾರು ಇಳಿದರು, ಮುಡಿ ಯಾರು ಕೊಟ್ಟರು ಎಂದು ಕೇಳಿ ಬರೆದಿಡಲಿ. ಗೆದ್ದಲು ಹಿಡಿಯುವ ಮೊದಲು ಕಾಗದಗಳ ನಕಲು ತೆಗೆಸುವ ಕೆಲಸ ಹೆತ್ತವರದು.